ಮಾಥೇರಾನದ ಕುದುರೆದಾರಿ

ಠಾಣೆಯ ಖಾಡಿಯನ್ನು ದಾಟಿದ ರೈಲುಹಾದಿ ಮುಂಬ್ರಾದಲ್ಲಿ ಪಾರಸಿಕ ಬೆಟ್ಟಕ್ಕೂ ಖಾಡಿಗೂ ನಡುವಣ ಇಕ್ಕಟ್ಟಾದ ದಂಡೆಯನ್ನು ಹಿಡಿದು, ಅಡ್ಡಬಂದ ಬಂಡೆಯನ್ನು ಕೊರೆದುಕೊಂಡು, ಡೊಂಬಿವಲಿಯ ಬಯಲಿಗೆ ಹೊರಬೀಳುತ್ತದೆ. 1853ರ ಏಪ್ರಿಲ್ 16ರಂದು ಠಾಣೆಯವರೆಗೆ ಮೊದಲ ಬಂಡಿ ಓಡಿದುದು ಎಲ್ಲರಿಗೂ ತಿಳಿದ ಸಂಗತಿ. ಖಾಡಿಯನ್ನೂ ಬೆಟ್ಟವನ್ನೂ ಗೆದ್ದು ಹಳಿ ಕಲ್ಯಾಣವನ್ನು ಮುಟ್ಟಿದುದು 1854ರ ಮೇ 1ರಂದು; ಅಲ್ಲಿಂದ ನೇರಳದ ಮೇಲೆ ಹಾಯ್ದು ಖೋಪೋಲಿಗೆ ತಲುಪಿದುದು 1856ರ ಮೇ ತಿಂಗಳಿನಲ್ಲಿ. ಮುಂಬ್ರಾದ ಬಂಡೆಯನ್ನು ಕಡಿದ ಈ ಕೆಲಸಕ್ಕೂ ಅಲ್ಲಿಂದ ದೂರದ ಮಾಥೇರಾನವೆಂಬ ಗಿರಿಯ ಕಾಡಿನಲ್ಲಿ ಇಂದಿಗೂ ಸವೆಯದೆ ಉಳಿದಿರುವ ಕುದುರೆದಾರಿಗೂ ಇರುವ ನಂಟು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ಆ ದಾರಿ ಯಾವ ಮಗ್ಗುಲಿನಿಂದ ಬೆಟ್ಟವನ್ನೇರಬೇಕೆಂಬುದನ್ನು ಗೊತ್ತುಮಾಡಿದುದು ಈ ಹಳಿಯೇ.

ಸಹ್ಯಾದ್ರಿಯ ಘಟ್ಟದಾರಿಗಳೆಂದೊಡನೆ ಕುದುರೆಯ ಖುರಪುಟದ ಸದ್ದನ್ನು ಕಲ್ಪಿಸಿಕೊಳ್ಳುವುದು ಕಾದಂಬರಿಗಳು ಕಲಿಸಿದ ಅಭ್ಯಾಸ. ವಸ್ತುಸ್ಥಿತಿ ಅಷ್ಟು ವೀರೋಚಿತವಾಗಿರಲಿಲ್ಲ. ಕಲ್ಯಾಣ, ಸೋಪಾರಾಗಳ ಬಂದರುಗಳಿಂದ ನಾಣೇಘಾಟನ್ನು ಹತ್ತಿ ಜುನ್ನರಕ್ಕೆ ಹೋಗುತ್ತಿದ್ದ ಸರಕನ್ನು ಹೊತ್ತವು ಬಹುಮಟ್ಟಿಗೆ ಹೇರೆತ್ತುಗಳು ಹಾಗೂ ಮನುಷ್ಯರ ತಲೆಗಳು. ಸಾತವಾಹನರ ರಾಣಿ ನಾಗನಿಕೆಯ ನಾಣೇಘಾಟದ ಶಾಸನದಲ್ಲಿ ಅಶ್ವಮೇಧದ ಮಾತಿದೆಯೆಂಬುದು ನಿಜ. ಆದರೆ ಯಜ್ಞದ ಕುದುರೆ ಬೇರೆ, ಸಂತೆಗೆ ಹೋಗುವ ಎತ್ತು ಬೇರೆ. ಕುದುರೆಯು ಅರಸರ, ಸೈನಿಕರ, ಅಧಿಕಾರಿಗಳ ಸೊತ್ತು. ಕಡಲಾಚೆಯಿಂದ ಬರಬೇಕಾದ ಬೆಲೆಬಾಳುವ ವಸ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಠಾಣೆಯ ಅರಸನನ್ನು ಕುರಿತು ಬರೆದಿರುವ ಮಾತು ಇದಕ್ಕೆ ಸಾಕ್ಷಿ: ಕಡಲ್ಗಳ್ಳರು ದೋಚಿದ ಸರಕು ಅವರಿಗೇ ಇರಲಿ, ಹಡಗಿನಲ್ಲಿ ಸಿಕ್ಕ ಕುದುರೆಗಳೆಲ್ಲ ತನಗೆ ಸೇರಬೇಕೆಂದು ಅರಸನು ಅವರೊಡನೆ ಒಪ್ಪಂದ ಮಾಡಿಕೊಂಡಿದ್ದನಂತೆ. ಅಂಥ ಪ್ರಾಣಿಯ ಬೆನ್ನೇರಿ, ಯಾವ ಕಾರ್ಯವೂ ಇಲ್ಲದೆ, ಕಾಡನ್ನು ನೋಡುವುದಕ್ಕೆಂದೇ ದಿನವಿಡೀ ಬೆಟ್ಟ ಸುತ್ತುವುದು ಈ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಹೊಸ ರೂಢಿ. ಅದು ಬೇರುಬಿಟ್ಟ ಸ್ಥಳಗಳಲ್ಲಿ ಮಾಥೇರಾನವು ಮುಖ್ಯವಾದುದು.

ಮಾಥಾ ಎಂದರೆ ನೆತ್ತಿ, ರಾನ್ ಎಂದರೆ ಕಾಡು. ನೆತ್ತಿಯ ಮೇಲೆ ಕಾಡನ್ನು ಹೊತ್ತ ಬೆಟ್ಟವೆಂದು ಹೆಸರಿನ ಅರ್ಥವನ್ನು ಹೇಳುವುದುಂಟು. ತಾಯಿಯ ಕಾಡು ಎಂಬ ಇನ್ನೊಂದು ವಿವರಣೆಯೂ ಬಳಕೆಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದ ಈ ಗಿರಿಯು ಸಹ್ಯಾದ್ರಿಯ ಮುಖ್ಯ ಸಾಲಿಗೆ ಸೇರಿದುದಲ್ಲ. ಅದರಿಂದ ಸಿಡಿದು ಪಶ್ಚಿಮಕ್ಕೆ ನಿಂತು, ಚಂದೇರಿ, ಪೇಬ್ ಮೊದಲಾದ ದುರ್ಗಗಳ ಸಾಲಿನಲ್ಲಿ ಸೇರಿಕೊಂಡಿದೆ. 1850ರ ಮೇ ತಿಂಗಳಿನಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟನು ಇದನ್ನು ‘ಕಂಡುಹಿಡಿದನು’ ಎಂದು ಪ್ರವಾಸಿ ಕೈಪಿಡಿಗಳೆಲ್ಲ ಬರೆಯುತ್ತವೆ. ಬೆಟ್ಟದ ದಕ್ಷಿಣದ ಚೌಕ್ ಗ್ರಾಮದಲ್ಲಿ ಬೀಡುಬಿಟ್ಟಿದ್ದ ಅವನು ಊರ ಪಾಟೀಲನನ್ನು ಮುಂದಿಟ್ಟುಕೊಂಡು ಮೇಲೇರಿ, ರಾಮ್‌ಬಾಗಿನ ಕಡೆಯಿಂದ ಕೆಳಗಿಳಿದನೆಂದು ಹಳೆಯ ಠಾಣೆ ಗೆಜೆಟಿಯರಿನ ವೃತ್ತಾಂತವಿದೆ. ದಾರಿ ತೋರಿಸುವವನು ಜತೆಯಲ್ಲಿದ್ದ ಮೇಲೆ ಅದು ಹೇಗೆ ಶೋಧವಾದೀತು? ಠಾಕೂರರು, ಕಾತಕರಿಗಳು, ಧನಗರರು ತಮ್ಮ ಕಾಲುದಾರಿಗಳಿಂದ ಹತ್ತಿ ಇಳಿಯುತ್ತಿದ್ದ ಬೆಟ್ಟವದು. ನೈಋತ್ಯದ ಕಡಿದಾದ ಒಂದು ಇಳಿಜಾರಿಗೆ ಶಿವಾಜಿಯ ಏಣಿಯೆಂಬ ಹೆಸರೇ ಇದೆ. ಮ್ಯಾಲೆಟನು ಮಾಡಿದುದು ಇಷ್ಟು: ಬೇಸಗೆಯಲ್ಲಿ ತಂಪಾಗಿರುವ, ಮುಂಬಯಿಗೆ ಸಮೀಪವಾದ ಜಾಗವಿದೆಯೆಂದು ಸರಕಾರದ ಗಮನಕ್ಕೆ ತಂದನು; ಕಾಲುದಾರಿಯನ್ನು ಅಗಲಿಸಿ ಮನೆಯೊಂದನ್ನು ಕಟ್ಟಿಕೊಂಡನು. ಐದು ವರ್ಷಗಳ ತರುವಾಯ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ನನೇ ಬಂದು ಇಳಿದುಕೊಂಡ ಬಳಿಕ ಬೆಟ್ಟದ ದೆಸೆ ತಿರುಗಿತು.

ಈ ಮೊದಲ ವರ್ಷಗಳ ಬೆಟ್ಟವು ದಕ್ಷಿಣಮುಖವಾಗಿತ್ತೆಂಬುದನ್ನು ಗಮನಿಸಬೇಕು. ಮುಂಬಯಿಯಿಂದ ಹೊರಟವರು ದೋಣಿಯಲ್ಲಿ ಪನ್ವೇಲಿಗೆ ಬಂದು, ಪುಣೆಯ ಹೆದ್ದಾರಿಯನ್ನು ಹಿಡಿದು ಚೌಕ್ ಸೇರಿ, ಅಲ್ಲಿಂದ ಹತ್ತಬೇಕಾಗಿತ್ತು. 1830ರಲ್ಲಿ ಬೋರ್‌ಘಾಟಿನಲ್ಲಿ ಬಂಡಿಯ ರಸ್ತೆ ತೆರೆದಂದಿನಿಂದ ಆ ಹೆದ್ದಾರಿಗೆ ಪ್ರಾಮುಖ್ಯ ಬಂದಿತ್ತು. ಮುಂಬ್ರಾದ ಸುರಂಗಗಳನ್ನು ದಾಟಿ ನೇರಳಕ್ಕೆ ಹಳಿ ಬಂದದ್ದೇ ತಡ, ಚೌಕಿನ ದಾರಿ ಬರಿದಾಯಿತು. ಬೆಟ್ಟವೇ ಮಗ್ಗುಲು ಬದಲಿಸಿದಂತೆ ಈಶಾನ್ಯದ ನೇರಳವು ಹೆಬ್ಬಾಗಿಲಾಯಿತು. ನೇರಳವೆಂಬ ಹೆಸರನ್ನು ಕೇಳಿದ ಕನ್ನಡಿಗನಿಗೆ ನೇರಳೆಯ ಮರ ನೆನಪಾಗುವುದು ಸಹಜ, ಬೆಟ್ಟದ ಮೇಲೆ ಆ ಮರ ಹೇರಳವಾಗಿದೆಯೆಂಬುದೂ ದಿಟ. ಆದರೂ ಸ್ಥಳನಾಮಗಳ ವಿಚಾರದಲ್ಲಿ ಧ್ವನಿಸಾಮ್ಯವೊಂದನ್ನೇ ನೆಚ್ಚಿ ತೀರ್ಮಾನ ಮಾಡುವುದು ತರವಲ್ಲ. ನೇರಳದ ನಿಲ್ದಾಣದಲ್ಲಿ ಇಳಿದವರಿಗಾಗಿ ಟಟ್ಟುಗಳೂ ಪಲ್ಲಕ್ಕಿಗಳೂ ಕಾದಿರುತ್ತಿದ್ದುವು. ರೈಲು ಬಂದ ಕಡೆಯಲ್ಲೆಲ್ಲ ಕುದುರೆ ಹಿಂದೆ ಸರಿಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲಿ ನಡೆದುದು ಅದಕ್ಕೆ ವಿಪರೀತ. ಇಲ್ಲಿ ಕುದುರೆಗೆ ದಾರಿ ಮಾಡಿಕೊಟ್ಟುದೇ ರೈಲು.

ಆ ದಾರಿಯ ಉದ್ದ ಸುಮಾರು 11 ಕಿಲೋಮೀಟರು, ಅಂದರೆ ಏಳು ಮೈಲು. ಅಷ್ಟರಲ್ಲಿ ಕುದುರೆಯು 750 ಮೀಟರಿಗೂ ಮಿಕ್ಕಿ ಮೇಲೇರಬೇಕು. ಬಯಲಿನ ಭತ್ತದ ಗದ್ದೆಗಳು ಮುಗಿದೊಡನೆ ಮೊದಲು ಸಿಕ್ಕುವುದು ತೇಗ, ಮತ್ತಿ ಮೊದಲಾದ ಎಲೆಯುದುರುವ ಮರಗಳ ಕಾಡು. ಫೆಬ್ರುವರಿ ಕಳೆದರೆ ಇದು ಬೋಳಾಗಿ, ಒಣಗಿದ ತೇಗದ ಎಲೆಗಳು ಲಾಳದ ಕೆಳಗೆ ಹಪ್ಪಳದಂತೆ ಮುರಿಯುತ್ತವೆ. ನಡುಬೆಟ್ಟದಲ್ಲಿ ಕಪ್ಪುಬಂಡೆಯ ಮೆಟ್ಟಿಲುಗಳೂ ಅವುಗಳ ಸಂದಿನಲ್ಲಿ ಕಾರ್ವಿಯ ಪೊದೆಗಳೂ ಬರುತ್ತವೆ. ಮಲೆನಾಡಿನ ಗುರಿಗೆಯ ಬಳಗಕ್ಕೆ ಸೇರಿದ ಈ ಕಾರ್ವಿಯು ಏಳೆಂಟು ವರ್ಷಗಳಿಗೊಮ್ಮೆ ಇಡೀ ಇಳಿಜಾರನ್ನು ನೀಲಿ ಮಾಡಿ ಹೂಬಿಟ್ಟು ಸಾಯುತ್ತದೆ. ಇದನ್ನು ದಾಟಿ ನೆತ್ತಿಗೆ ಬಂದಾಗ ಕಲ್ಲಿನ ಬಣ್ಣವೇ ಬೇರೆಯಾಗುತ್ತದೆ. ಕಪ್ಪುಕಲ್ಲಿನ ಮೇಲೆ ಕೆಂಪನೆಯ ಮುರಕಲ್ಲಿನ ಟೋಪಿ; ಅದರ ಮೇಲೆ ವರ್ಷಕ್ಕೆ 5000 ಮಿಲಿಮೀಟರಿನ ಆಸುಪಾಸಿನ ಮಳೆ. ಅಂಜನಿ, ನೇರಳೆ, ಅಳಲೆ ಮೊದಲಾದ ಮರಗಳು ಇಲ್ಲಿ ಕೊಂಬೆಗೆ ಕೊಂಬೆ ಕೂಡಿಸಿಕೊಂಡು ನಿಂತಿವೆ. ಗಾಳಿಯ ಹೊಡೆತಕ್ಕೆ ಅವು ಹೆಚ್ಚು ಎತ್ತರ ಬೆಳೆಯುವುದಿಲ್ಲ, ಆದರೆ ಹಸುರು ಬಿಡುವುದಿಲ್ಲ. ಶಿವಮೊಗ್ಗ, ಉತ್ತರ ಕನ್ನಡಗಳ ಕಾನುಗಳನ್ನು ಕಂಡವರಿಗೆ ಈ ನೆರಳು ಅಪರಿಚಿತವೆನಿಸದು. ಕೆಂದಳಿಲು ಒಂದು ತುದಿಯಿಂದ ಇನ್ನೊಂದು ತುದಿಗೆ ನೆಲಮುಟ್ಟದೆ ಹೋಗಬಲ್ಲುದಾದರೆ ಕಾಡು ಗಟ್ಟಿಯಾಗಿದೆಯೆಂದು ತಿಳಿಯಬಹುದು. ಮಾಥೇರಾನದಲ್ಲಿ ಆ ಪ್ರಾಣಿ ಈಗಲೂ ಇದೆ.

ಮೇಲೇರಿದ ಬಳಿಕ ಒಂದು ದಿನದ ಸವಾರಿಗೆ ಬೆಟ್ಟವು ಅಳತೆ ಮಾಡಿ ಕೊಟ್ಟಂತಿದೆ. ಉತ್ತರದಿಂದ ದಕ್ಷಿಣಕ್ಕೆ ನೀಳವಾಗಿ ಹಬ್ಬಿದ ಅದರ ಅಂಚಿನಲ್ಲಿ ಮೂವತ್ತಕ್ಕೂ ಹೆಚ್ಚು ನೋಟದ ಮೂಲೆಗಳಿವೆ. ಪಾಯಿಂಟುಗಳೆಂದೇ ಅವುಗಳ ಹೆಸರು. ಬೆಳಿಗ್ಗೆ ಹೊರಟವರು ಉತ್ತರದ ಪನೋರಮಾದಲ್ಲಿ ಸೂರ್ಯೋದಯವನ್ನು ಕಂಡು, ಪೂರ್ವದ ಅಂಚಿನಲ್ಲಿ ಅಲೆಕ್ಸಾಂಡರ್, ರಾಮ್‌ಬಾಗುಗಳನ್ನು ಹಾಯ್ದು, ನಡುಹಗಲಿಗೆ ದಕ್ಷಿಣದ ಚೌಕ್ ಪಾಯಿಂಟಿಗೆ ಬಂದರೆ, ಮ್ಯಾಲೆಟನು ಬೀಡುಬಿಟ್ಟಿದ್ದ ಊರು ಕಾಲಕೆಳಗೆ ಕಾಣುತ್ತದೆ. ಅಲ್ಲಿಂದ ಪಡುವಣ ಅಂಚಿಗೆ ತಿರುಗಿ, ಶಾರ್ಲೆಟ್ ಕೆರೆಯ ಬಳಿ ದಣಿವಾರಿಸಿಕೊಂಡು, ಲೂಯಿಸಾದಲ್ಲಿ ಪ್ರಬಳಗಡವನ್ನು ಎದುರಿಗಿಟ್ಟು ನೋಡಿ, ಸಂಜೆಗೆ ಪೊರ್ಕ್ಯುಪೈನ್ ಮೂಲೆಯಲ್ಲಿ ಸೂರ್ಯಾಸ್ತ. ದಾರಿಯುದ್ದಕ್ಕೂ ಕುದುರೆಯ ಮುಂದೆಯೋ ಪಕ್ಕದಲ್ಲೋ ಲಗಾಮು ಹಿಡಿದು ಅದರ ಯಜಮಾನ ನಡೆಯುತ್ತಾನೆ. ಸವಾರನು ಎಷ್ಟು ದೂರ ಕುಳಿತು ಸಾಗಿದನೋ ಅಷ್ಟೇ ದೂರವನ್ನು ಅವನು ಕಾಲಲ್ಲಿ ಸಾಗಿರುತ್ತಾನೆ; ಪ್ರವಾಸಕಥನಗಳಲ್ಲಿ ಅವನ ಪ್ರಸ್ತಾಪ ಅಪೂರ್ವ. ಮೂಲೆಗಳಿಗೆ ದೊರೆಗಳ ಹಾಗೂ ಅವರ ಹೆಂಗಸರ ಹೆಸರುಗಳು ಅಂಟಿಕೊಂಡುವು, ದಾರಿ ತೋರಿದ ಪಾಟೀಲನ ಹೆಸರಿನ ಮೂಲೆ ಒಂದೂ ಇಲ್ಲ.

ಕಾಡು ಉಳಿದುದು ಪುಣ್ಯವಶಾತ್ ಎಂದುಕೊಳ್ಳುವಂತಿಲ್ಲ. ಠಾಣೆ ಜಿಲ್ಲೆಯ ಅಡವಿಗಳ ಮೇಲೆ ಮುಂಬಯಿಯ ಹಡಗುಕಟ್ಟೆಗಳೂ ಇದ್ದಿಲ ಒಲೆಗಳೂ ಬಹುಕಾಲ ಕಣ್ಣಿಟ್ಟಿದ್ದುವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರವು ಕಾಡನ್ನು ಕಾಯ್ದಿಡತೊಡಗಿದಾಗ ಅದರ ಭಾರ ಬಿದ್ದುದು ಬುಡದ ಹಳ್ಳಿಗಳ ಮೇಲೆ. ಸಸಿಮಡಿಯ ಮೇಲೆ ಸೊಪ್ಪುಸದೆಗಳನ್ನು ಹರಡಿ ಸುಡುವ ‘ರಾಬ್’ ಎಂಬ ಪದ್ಧತಿ ಕೊಂಕಣದ ಭತ್ತದ ಬೇಸಾಯಕ್ಕೆ ಅಡಿಗಲ್ಲು. ಅದಕ್ಕೆ ಕೊಂಬೆ ಕಡಿಯುವ ಹಕ್ಕಿಗೆ ಕತ್ತರಿ ಬಿದ್ದಾಗ ಎದ್ದ ಕೂಗಿಗೆ ಮಣಿದು ಠಾಣೆ ಹಾಗೂ ಕೊಲಾಬಾ ಜಿಲ್ಲೆಗಳ ದೂರುಗಳನ್ನು ವಿಚಾರಿಸಲು 1885ರಲ್ಲಿ ಅರಣ್ಯ ಆಯೋಗವನ್ನೇ ನೇಮಿಸಬೇಕಾಯಿತು. ಬೆಟ್ಟದ ಮೇಲೆ ಬಂಗಲೆಗಳಿಗೆ ನೆರಳು, ಕೆಳಗೆ ಸಸಿಮಡಿಗೆ ಸೊಪ್ಪಿಲ್ಲ. ಮಾಥೇರಾನದ ಹಸುರಿಗೆ ಈ ಲೆಕ್ಕವೂ ಸೇರಿದೆ. 1912ರಲ್ಲಿ ಇದೇ ಬೆಟ್ಟದ ಬಡಕುಟುಂಬದಲ್ಲಿ ಹುಟ್ಟಿ, ವಕೀಲನಾಗಿ, ರೈತರ ಪರ ನಿಂತು, 1943ರ ಜನವರಿ 2ರಂದು ಸಿದ್ಧಗಡದ ಅಡವಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಭಾಯಿ ಕೋತವಾಲರ ಜೀವನವನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಲಾಗದು.

1907ರಲ್ಲಿ ಕಿರುಹಳಿಯ ರೈಲು ಬೆಟ್ಟವನ್ನೇರಿತು. ಸರ್ ಆದಮ್‌ಜೀ ಪೀರ್‌ಭಾಯಿಯವರ ಹಣ, ಮಗ ಅಬ್ದುಲ್ ಹುಸೇನರ ಹಟ. 16 ಲಕ್ಷ ರೂಪಾಯಿ ವೆಚ್ಚವಾಯಿತೆನ್ನುತ್ತಾರೆ. ಎರಡಡಿ ಅಗಲದ ಹಳಿಯು ಇಳಿಜಾರನ್ನು ಸೌಮ್ಯಗೊಳಿಸಲು ಸುತ್ತಿ ಸುತ್ತಿ ಸುಮಾರು 20 ಕಿಲೋಮೀಟರು ಸಾಗಿತು. ಕುದುರೆ ಅದರ ಅರ್ಧದೂರದಲ್ಲಿ ಮೇಲೆ ಸೇರುತ್ತಿತ್ತು. ತಾನೇ ಹುಟ್ಟಿಸಿದ ದಾರಿಯನ್ನು ರೈಲು ಈ ಬಾರಿ ನುಂಗಬೇಕಾಗಿತ್ತು. ಹಾಗಾಗಲಿಲ್ಲ. ಮಳೆಗಾಲದಲ್ಲಿ ನೇರಳದಿಂದ ಮೇಲಕ್ಕೆ ಬಂಡಿ ಓಡುವುದಿಲ್ಲ. 2005ರ ಜುಲೈ 26ರ ಮಹಾವೃಷ್ಟಿಗೆ ಹಳಿ ಕೊಚ್ಚಿಹೋಗಿ, ಸಂಚಾರ ಮತ್ತೆ ಆರಂಭವಾದುದು 2007ರಲ್ಲಿ. 2016ರಲ್ಲಿ ಬಂಡಿ ಹಳಿತಪ್ಪಿದ ಕಾರಣ ನಿಂತಿತು, 2019ರ ಮಳೆಗೆ ಮತ್ತೆ ಕೆಟ್ಟಿತು; ನೇರಳದಿಂದ ಪುನಃ ಹೊರಟುದು 2022ರ ಅಕ್ಟೋಬರಿನಲ್ಲಿ. ಮೋಟಾರು ರಸ್ತೆ ಬಂದ ಮೇಲೂ ಅದು ದಸ್ತೂರಿ ನಾಕೆಯಲ್ಲೇ ಮುಗಿಯುತ್ತದೆ. ಊರೊಳಗೆ ಮೋಟಾರಿಗೆ ಪ್ರವೇಶವಿಲ್ಲ. ಆದುದರಿಂದ ಊರಿಗೆ ಬೇಕಾದ ಅಕ್ಕಿ, ಸಿಲಿಂಡರು, ಇಟ್ಟಿಗೆಗಳನ್ನು ಹೊತ್ತವು ಕುದುರೆಗಳು, ಇಲ್ಲವೆ ಮನುಷ್ಯರ ಹೆಗಲುಗಳು. 2003ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಮಾಥೇರಾನವನ್ನೂ ಸುತ್ತಣ ಪ್ರದೇಶವನ್ನೂ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು.

ಕುದುರೆ ಕಾಡಿಗೆ ಹಿತಕಾರಿಯೆಂದು ಸಾರಾಸಗಟಾಗಿ ಹೇಳುವವರು ಮುರಕಲ್ಲಿನ ಮಣ್ಣನ್ನು ನೋಡಿಲ್ಲವೆನ್ನಬೇಕು. ನಾನೂರಕ್ಕೂ ಹೆಚ್ಚು ಕುದುರೆಗಳ ಲಾಳಗಳು ಬೇಸಗೆಯಿಡೀ ಆ ಮಣ್ಣನ್ನು ಕೆದಕಿ ಕೆಂಧೂಳಿಯಾಗಿಸುತ್ತವೆ. ಜೂನಿನ ಮಳೆ ಅದನ್ನು ಕಣಿವೆಗೆ ಒಯ್ಯುತ್ತದೆ. ಬೇರುಗಳು ಬಯಲಾಗಿ ದಾರಿಯು ವರ್ಷವರ್ಷವೂ ಕಾಲುವೆಯಂತೆ ತಗ್ಗಾಗುತ್ತದೆ. ಸವೆತವನ್ನು ತಡೆಯಲೆಂದು ಹಾಸಿದ ಸಿಮೆಂಟಿನ ಚಪ್ಪಡಿಗಳ ಮೇಲೆ ಲಾಳ ಜಾರುತ್ತದೆಂದು ಕುದುರೆಯವರು ತಕರಾರು ಮಾಡಿದರು. ಇತ್ತ ಜನರನ್ನು ಕೂರಿಸಿಕೊಂಡು ಕೈಗಾಡಿ ಎಳೆಯುತ್ತಿದ್ದವರು ವಿದ್ಯುತ್ ರಿಕ್ಷಾಗಳನ್ನು ಕೇಳಿದರು. ಕುದುರೆಯವರು ಅದನ್ನು ತಮ್ಮ ಅನ್ನಕ್ಕೆ ಬಂದ ಕುತ್ತೆಂದು ವಿರೋಧಿಸಿದರು. ಎರಡು ಬಡ ಕಸುಬುಗಳು ಎದುರುಬದುರಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಈ ವ್ಯಾಜ್ಯದಲ್ಲಿ ಒಬ್ಬರದು ನ್ಯಾಯ, ಇನ್ನೊಬ್ಬರದು ಅನ್ಯಾಯವೆಂದು ವಿಂಗಡಿಸುವುದು ಸುಲಭವಲ್ಲ. ಆದರೆ ಮನುಷ್ಯನನ್ನು ಮನುಷ್ಯ ಎಳೆಯುವ ಗಾಡಿಗಿಂತ ಯಂತ್ರದ ಗಾಡಿ ಮೇಲೆಂಬುದರಲ್ಲಿ ಎರಡು ಮಾತಿರಲಾರದು. 2022ರಲ್ಲಿ ವಿದ್ಯುತ್ ರಿಕ್ಷಾಗಳ ಪ್ರಯೋಗಕ್ಕೆ ಅನುಮತಿ ದೊರೆಯಿತು. 2025ರ ಆಗಸ್ಟಿನಲ್ಲಿ ನ್ಯಾಯಾಲಯವು ಕೈಗಾಡಿಗಳನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು ಆಜ್ಞಾಪಿಸಿತು. ದಸ್ತೂರಿ ನಾಕೆಯಿಂದ ಶಿವಾಜಿ ಪ್ರತಿಮೆಯವರೆಗಿನ ಹಿರಿಯ ರಸ್ತೆಗೆ ಚಪ್ಪಡಿ ಹಾಸಬಹುದೆಂದೂ ಒಳದಾರಿಗಳಿಗೂ ಚಾರಣದ ಹಾದಿಗಳಿಗೂ ಹಾಸಕೂಡದೆಂದೂ ಹೇಳಿತು. ಅಂಜನಿಯ ನೆರಳಿನಲ್ಲಿ ಮೂಲೆಯಿಂದ ಮೂಲೆಗೆ ಸಾಗುವ ಮಣ್ಣಿನ ಹಾದಿಗಳು ಹೀಗೆ ಕುದುರೆಗೂ ಅದರ ಮುಂದೆ ನಡೆಯುವವನಿಗೂ ಉಳಿದಿವೆ.