ಪುರುಷ ಲೈಂಗಿಕ ವೃತ್ತಿ: ಸಮಾಜಶಾಸ್ತ್ರೀಯ ನೋಟಗಳು

ಹಣಕ್ಕಾಗಿ ಲೈಂಗಿಕ ಸೇವೆ ನೀಡುವ ಗಂಡಸರ ಬದುಕನ್ನು ಸಮಾಜಶಾಸ್ತ್ರ ಬಹುಕಾಲ ದುಡಿಮೆಯೆಂದು ಎಣಿಸಲಿಲ್ಲ. ಈ ವೃತ್ತಿಯೆಂದೊಡನೆ ನೆನಪಾಗುವುದು ಹೆಣ್ಣೇ. ಕುಂದಾಪುರ ತಾಲ್ಲೂಕಿನ ಬಸ್ರೂರಿನ ವೇಶ್ಯೆಯೊಬ್ಬಳ ಬಾಳು ಕೋಟದ ಶಿವರಾಮ ಕಾರಂತರ 'ಮೈಮನಗಳ ಸುಳಿಯಲ್ಲಿ' ಕಾದಂಬರಿಯ ವಸ್ತುವಾಯಿತು. ಅದೇ ವೃತ್ತಿಯ ಗಂಡಿಗೆ ನಮ್ಮ ಸಾಹಿತ್ಯದಲ್ಲಿ ಅಂಥ ಜಾಗ ಸಿಕ್ಕಿಲ್ಲ.

ಆರಂಭದ ಅಧ್ಯಯನಗಳು ಇದನ್ನು ದಾರಿತಪ್ಪಿದ ನಡತೆಯೆಂದೇ ಕಂಡವು. ಅಮೆರಿಕದ ಸಮಾಜಶಾಸ್ತ್ರಜ್ಞ ಆಲ್ಬರ್ಟ್ ರೈಸ್ 1961ರ ಲೇಖನದಲ್ಲಿ ಒಂದು ಸೂಕ್ಷ್ಮ ಗುರುತಿಸಿದರು. ಗಂಡಸರೊಡನೆ ಸಂಬಂಧ ಹಣಕ್ಕಷ್ಟೇ, ಮನಸ್ಸು ಬೆರೆಯಬಾರದು ಎಂಬ ಗುಂಪಿನ ಕಟ್ಟಳೆ ಪಾಲಿಸಿದ ಹುಡುಗರು ತಮ್ಮನ್ನು ಸಲಿಂಗಕಾಮಿಗಳೆಂದು ಭಾವಿಸುತ್ತಿರಲಿಲ್ಲ. ಮಾಡುವ ಕೆಲಸ ಬೇರೆ, ತಾನು ಯಾರೆಂಬ ತಿಳಿವಳಿಕೆ ಬೇರೆ. ಕರ್ನಾಟಕದಲ್ಲೂ ಇದು ನಿಜ: ಕೋತಿ (ಹೆಣ್ಣಿನ ಹಾವಭಾವದವರು), ಪಂಥಿ (ಅವರ ಗಂಡು ಸಂಗಾತಿ), ಡಬಲ್ ಡೆಕ್ಕರ್ (ಎರಡೂ ಪಾತ್ರ ವಹಿಸುವವರು) ಎಂದು ಸಮುದಾಯದೊಳಗೇ ಬೇರೆ ಬೇರೆ ಗುರುತುಗಳಿವೆ, ಹಲವರು ಹೆಂಡತಿ ಮಕ್ಕಳನ್ನು ಸಾಕುವ ಸಂಸಾರಸ್ಥರು.

ಕಾನೂನಿನ ನೋಟ ವಿಚಿತ್ರವಾದುದು. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ಮೊದಲಿಗೆ ಹೆಂಗಸರು ಮತ್ತು ಹುಡುಗಿಯರನ್ನಷ್ಟೇ ಕುರಿತದ್ದಾಗಿತ್ತು. 1986ರ ತಿದ್ದುಪಡಿ ಆ ಜಾಗದಲ್ಲಿ ವ್ಯಕ್ತಿಗಳು ಎಂದಿತು. ಗಿರಾಕಿಯನ್ನು ಕರೆದದ್ದಕ್ಕೆ ಹೆಂಗಸಿಗೆ ಮೊದಲ ಸಲ ಗರಿಷ್ಠ 6 ತಿಂಗಳ ಸೆರೆ, ಗಂಡಸಿಗೆ 3 ತಿಂಗಳು. ಮೇಲ್ನೋಟಕ್ಕೆ ಇದು ರಿಯಾಯಿತಿ. ಆದರೆ ಗಂಡಸಿಗೆ ಕನಿಷ್ಠ 7 ದಿನದ ಸೆರೆ ಕಡ್ಡಾಯ. ಹೆಂಗಸಿಗೆ ಅಂಥ ಕನಿಷ್ಠ ಮಿತಿ ಇಲ್ಲ. ಇದರ ಜೊತೆಗೆ 2018ರ ಸೆಪ್ಟೆಂಬರ್ 6ರವರೆಗೂ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಬೆದರಿಕೆ ಇತ್ತು. ಬೆಂಗಳೂರಿನ ಕೋತಿ ಮತ್ತು ಹಿಜ್ರಾ ಲೈಂಗಿಕ ಕಾರ್ಮಿಕರ ಮೇಲೆ ಪೊಲೀಸರೂ ಗೂಂಡಾಗಳೂ ಎಸಗಿದ ಹಿಂಸೆಯನ್ನು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2003ರ ವರದಿಯಲ್ಲಿ ದಾಖಲಿಸಿತು. ರಾಜ್ಯದಲ್ಲಿ ಈ ವಿಷಯ ಓದುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅದನ್ನೇ.

ಏಡ್ಸ್ ನಿಯಂತ್ರಣ ಯೋಜನೆಗಳು ಈ ಗಂಡಸರನ್ನು ಸೋಂಕಿನ ಅಪಾಯದ ಗುಂಪಾಗಿ ಲೆಕ್ಕಕ್ಕೆ ತಂದವು. ಕಾಂಡೋಮ್, ಚಿಕಿತ್ಸೆ ಸಿಕ್ಕವು. ದುಡಿಮೆಗಾರನೆಂಬ ಮನ್ನಣೆ ಸಿಗಲಿಲ್ಲ. ಮೈಸೂರಿನಲ್ಲಿ 2005ರಲ್ಲಿ ರೂಪುಗೊಂಡ ಆಶೋದಯ ಸಮಿತಿ, ಬೆಂಗಳೂರಿನಲ್ಲಿ 2006ರಲ್ಲಿ ಹುಟ್ಟಿದ ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಎಲ್ಲರನ್ನೂ ಒಟ್ಟು ಸೇರಿಸಿದವು. ಯೂನಿಯನ್ ಎಂಬ ಹೆಸರೇ ಇದು ದುಡಿಮೆಯೆಂಬ ವಾದವನ್ನು ಮುಂದಿಟ್ಟಿತು.

2022ರ ಮೇ 19ರಂದು ಸುಪ್ರೀಂ ಕೋರ್ಟ್, ಲೈಂಗಿಕ ಕಾರ್ಮಿಕರಿಗೂ ಘನತೆಯ ಬದುಕಿನ ಹಕ್ಕಿದೆ, ಪೊಲೀಸರು ಅವರನ್ನು ಬೈಯುವುದಾಗಲಿ ಹೊಡೆಯುವುದಾಗಲಿ ಕೂಡದು ಎಂದಿತು. ವಿಳಾಸದ ದಾಖಲೆಯಿಲ್ಲದಿದ್ದರೂ ಆಧಾರ್ ಕೊಡಬೇಕೆಂದೂ ಆದೇಶಿಸಿತು. ಅದಕ್ಕೆ ಬೇಕಾದ ದೃಢೀಕರಣ ಪತ್ರ ಬರಬೇಕಾದದ್ದು ಮಾತ್ರ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಗಳಿಂದ, ಕಾರ್ಮಿಕ ಇಲಾಖೆಯಿಂದಲ್ಲ.