ಎಂಟೆಳೆಯ ದಾರ

ಅಜ್ಜಿ ನನಗೆ ಕ್ರೋಶಾ ಕಲಿಸಲು ಕೂತಾಗ ಅಂಗಡಿ ದಾರದ ಉಂಡೆಯನ್ನು ಮುಟ್ಟಗೊಡಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗವಿತ್ತು. ಟವೆಲ್ ನೇಯುವ 20 ನಂಬರಿನ ನೂಲಿನ ಲಡಿಗಳಿದ್ದವು. ಲಡಿಯಲ್ಲಿ ಉಳಿದ ನೂಲನ್ನು ಎಂಟು ಎಳೆ ಕೂಡಿಸಿ, ತೊಡೆಯ ಮೇಲೆ ಹೊಸೆದು, ಹುರಿ ಮಾಡಿ ಕೊಟ್ಟಳು. ಬಿಳಿ 40 ನಂಬರಿನ ಉಂಡೆ ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೆ ಧೋತರದ ತುಂಡಿನೊಳಗೆ ಭದ್ರ. ನಾನು ಮುಖ ಊದಿಸಿಕೊಂಡೆ.

“ಮೊದಲ ನಿನ್ನ ಕಣ್ಣಿಗೆ ಕುಣಿಕಿ ಕಾಣಬೇಕವ್ವಾ. ಮಂದಿ ಕಣ್ಣಿಗೆ ಚೆಂದ ಕಾಣೂದು ಆಮ್ಯಾಲ” ಅಂದಳು.

40 ನಂಬರಿನ ಆ ಸಣ್ಣ ದಾರ ಎಲ್ಲಿಂದ ಬಂತು ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ಬರಗಾಲದಲ್ಲಿ ಕ್ರೋಶಾ ಕಡ್ಡಿ ಬಡ ಹೆಂಗಸರ ಅನ್ನದ ದಾರಿಯಾಯಿತು. ಕ್ಲೋನ್ಸ್ ಎಂಬ ಊರಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಈ ಕೆಲಸ ಶುರುಮಾಡಿಸಿದಳು. ಸೂಜಿಯಲ್ಲಿ ಮಾಡುವ ಹಳೆಯ ಲೇಸ್ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕೊಕ್ಕೆಯಲ್ಲಿ ಅದರ ಹೋಲಿಕೆಯನ್ನು ಬೇಗ ತರಬಹುದಿತ್ತು, ದಾರ ಕೂದಲಿನಷ್ಟು ಸಣ್ಣದಾಗಿದ್ದರೆ. ಹಾಗಾಗಿ ದಾರ ಅಷ್ಟು ಸಣ್ಣಗಾದದ್ದು ಕೊಳ್ಳುವವರಿಗಾಗಿ. ಹೆಣೆಯುವವಳ ಪಾಲಿಗೆ ಬಂದದ್ದು ಕಣ್ಣುನೋವು.

ಹೊಳಪೂ ಹಾಗೆಯೇ ಬಂತು. ಲ್ಯಾಂಕಾಶೈರಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ನೋಡಿದ. ಬಟ್ಟೆ ಗಟ್ಟಿಯಾಯಿತು, ಬಣ್ಣ ಚೆನ್ನಾಗಿ ಹಿಡಿಯಿತು, ಆದರೆ ಕುಗ್ಗಿತು. ಗಿರಾಕಿಗಳು ಒಲ್ಲೆ ಅಂದರು. 1890ರ ಸುಮಾರಿಗೆ ಹೊರೇಸ್ ಲೋ ಎಂಬಾತ ಅದನ್ನೇ ಜಗ್ಗಿ ಹಿಡಿದು ಅದ್ದಿದಾಗ ಹತ್ತಿ ರೇಷ್ಮೆಯಂತೆ ಮಿಂಚಿತು. ಉಂಡೆಯ ಚೀಟಿಯ ಮೇಲೆ ‘ಮರ್ಸರೈಸ್ಡ್’ ಎಂದಿರುವುದು ಆ ಮರ್ಸರನ ಹೆಸರು.

ನಮ್ಮ ಕಡೆ ಕ್ರೋಶಾ ವಿದ್ಯೆ ಬಂದದ್ದು ಮಿಶನರಿಗಳ ಕೈಹಿಡಿದು. ಗೋದಾವರಿ ತೀರದ ನರಸಾಪುರದಲ್ಲಿ ಅದು ದೊಡ್ಡ ಉದ್ಯಮವೇ ಆಯಿತು. ಅಲ್ಲಿ ದಿನವಿಡೀ ಲೇಸ್ ಹೆಣೆದ ಹೆಂಗಸರನ್ನು ಲೋಕ ‘ಬಿಡುವಿನ ವೇಳೆ ಕಳೆಯುವ ಗೃಹಿಣಿಯರು’ ಎಂದು ಎಣಿಸಿದ್ದನ್ನು ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಧಾರವಾಡ ಸೀಮೆಗೂ ಹಬ್ಬಿತು. ಅದರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದಿನ ಜೊತೆ ಹೊಲಿಗೆ, ಹೆಣಿಗೆಯೂ ಇತ್ತು. ಅಂಥ ಶಾಲೆಯಲ್ಲಿ ಕಲಿತ ನೆರೆಮನೆಯಾಕೆಯಿಂದ ಅಜ್ಜಿಗೆ ಕ್ರೋಶಾ ಬಂತು.

ದಾರದ ನಂಬರಿನ ಗುಟ್ಟನ್ನು ಹೇಳಿಕೊಟ್ಟವನು ಅಜ್ಜ. 840 ಗಜಕ್ಕೆ ಒಂದು ಲಡಿ. ಒಂದು ಪೌಂಡು ತೂಕಕ್ಕೆ 20 ಲಡಿ ತೂಗಿದರೆ 20 ನಂಬರು, 40 ತೂಗಿದರೆ 40. ನಂಬರು ಏರಿದಂತೆ ನೂಲು ಸಣ್ಣ. ಅಜ್ಜಿಯ ಎಂಟೆಳೆ ಆ ಲೆಕ್ಕದಲ್ಲಿ ಎರಡೂವರೆ ನಂಬರು! ಕ್ರೋಶಾ ಉಂಡೆಯ ದಾರ ಮೊದಲೇ ಹಲವು ಎಳೆಯ ಹುರಿಯಾದ್ದರಿಂದ ಅದರ ನಂಬರು ಮಗ್ಗದ ನಂಬರಿಗೆ ಸರಿಹೊಂದುವುದಿಲ್ಲ. ಆದರೆ ದಿಕ್ಕು ಅದೇ: 10 ದಪ್ಪ, 40 ಸಣ್ಣ.

ಮೊನ್ನೆ ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ನೋಡಿ ಚೀಲ ಹೆಣೆಯುತ್ತೇನೆಂದು ಕಪ್ಪು ಬಣ್ಣದ, ಬೆಕ್ಕಿನ ಮೈಯಂಥ ಜೂಲು ಉಲ್ಲನ್ ತಂದಳು. ಮೂರನೇ ಸಾಲಿಗೆ ಹೆಣಿಗೆಯ ಕಂಬ ಯಾವುದು, ಸರಪಳಿ ಯಾವುದು ತಿಳಿಯದೆ ಕೂತಳು. ಬಿಚ್ಚಲು ಹೋದರೆ ಜೂಲು ಜೂಲಿಗೆ ಸಿಕ್ಕಿ ಗಂಟು. ನಾವು ಉಲ್ಲನ್ ಎನ್ನುವುದರಲ್ಲಿ ಬಹುಪಾಲು ಕುರಿಯ ಉಣ್ಣೆಯೇ ಅಲ್ಲ, ಅಕ್ರಿಲಿಕ್. ಡ್ಯುಪಾಂಟ್ ಕಂಪನಿ 1950ರಲ್ಲಿ ಆರ್ಲಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಜಾತಿಯದು. ಕಲಿಯುವವರಿಗೆ ಅದು ಕೆಟ್ಟದ್ದೇನಲ್ಲ: ಅಗ್ಗ, ತುಸು ಹಿಗ್ಗುತ್ತದೆ. ಆದರೆ ಜೂಲು ಬೇಡ, ಕಪ್ಪು ಬೇಡ. ಹಾಲುಬಣ್ಣದ, ನಡುಮಟ್ಟದ ದಪ್ಪದ ಉಂಡೆಯೊಂದನ್ನೂ 4 ಮಿಲಿಮೀಟರ್ ಕಡ್ಡಿಯನ್ನೂ ಕೈಗಿಟ್ಟೆ. ಉಗುರಿನಲ್ಲಿ ಕೆರೆದು ನೋಡಿಸಿದೆ. ಎಳೆ ಬಿಟ್ಟುಕೊಳ್ಳುವ ಹುರಿಯಾದರೆ ಕೊಕ್ಕೆ ಅರ್ಧ ದಾರವನ್ನಷ್ಟೇ ಹಿಡಿಯುತ್ತದೆ. ಕಲಿಯುವವಳ ದಾರ ಹತ್ತು ಸಲ ಬಿಚ್ಚಿದರೂ ತಾಳಬೇಕು.

ಅಜ್ಜಿ ಡಬ್ಬಿಯ ಬಿಳಿ ಉಂಡೆಯನ್ನು ನನಗೆ ಕೊಟ್ಟದ್ದು ಎರಡನೆಯ ದೀಪಾವಳಿಗೆ. ಗೇಣುದ್ದ ಅಂಚು ಹೆಣೆದಿದ್ದೆ, ಕರೆಂಟು ಹೋಯಿತು. ಕೈ ನಿಲ್ಲಿಸಲಿಲ್ಲ. ಎಲ್ಲೋ ಒಂದು ಕಂಬ ತಪ್ಪಿದ್ದನ್ನು ಬೆರಳೇ ಹೇಳಿತು. ಕತ್ತಲಲ್ಲೇ ಬಿಚ್ಚಿ ಮತ್ತೆ ಹಾಕಿದೆ.