ತುರ್ತು ಕರೆ ಕೇಂದ್ರಗಳ ತಪಾಸಣೆ: ನಂಜನಗೂಡು, ತಿ. ನರಸೀಪುರ

ತಪಾಸಣೆ ಎಂದರೆ ತುರ್ತು ಕರೆ ಸ್ವೀಕರಿಸುವ ಕೇಂದ್ರ ಸಜ್ಜಾಗಿದೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಕ್ರಮ. ಮೈಸೂರು ಜಿಲ್ಲೆಯ ಈ ಎರಡು ತಾಲ್ಲೂಕುಗಳ ಜನ ಆಂಬುಲೆನ್ಸ್‌ಗೆ 108 (ರಾಜ್ಯದಲ್ಲಿ 2008ರಿಂದ ‘ಆರೋಗ್ಯ ಕವಚ’), ಪೊಲೀಸ್ ಮತ್ತು ಅಗ್ನಿಶಾಮಕ ದಳಕ್ಕೆ 112, ನೆರೆ ಬಂದಾಗ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಒತ್ತುತ್ತಾರೆ. 112ರ ಕರೆ ಎತ್ತುವುದು ಬೆಂಗಳೂರಿನಲ್ಲಿ, ವಾಹನ ಹೊರಡಬೇಕಾದ್ದು ಇಲ್ಲಿಂದ. ಆದ್ದರಿಂದ ಕರೆ ಎಷ್ಟು ಸೆಕೆಂಡಿನಲ್ಲಿ ಎತ್ತಿದರು ಎಂಬ ಲೆಕ್ಕವಷ್ಟೇ ಪ್ರಮಾಣಪತ್ರಕ್ಕೆ ಆಧಾರವಾಗಬಾರದು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಬಡಾವಣೆಗಳ ಜೊತೆಗೆ ಮಲ್ಲನಮೂಲೆ ಮಠದ ಬಳಿ ಮೈಸೂರು–ಊಟಿ ಹೆದ್ದಾರಿಯೂ ಮುಳುಗಿತು. ನಕ್ಷೆ ತೋರಿಸುವ ಹತ್ತಿರದ ದಾರಿ ಅಂದು ದಾರಿಯೇ ಅಲ್ಲ. ಕಾವೇರಿ–ಕಪಿಲೆ (ಕಬಿನಿ) ಕೂಡುವ ನರಸೀಪುರದಲ್ಲಂತೂ ಕಬಿನಿ, ಕೃಷ್ಣರಾಜಸಾಗರ ಎರಡರ ಹೊರಹರಿವಿನ ಮೇಲೂ ಕಣ್ಣಿಡಬೇಕು. ಕರೆ ಮಾಡಿದವರು ‘ಹೊಸಹಳ್ಳಿ’ ಎಂದರೆ ಸಾಲದು, ಆ ಹೆಸರಿನ ಊರು ರಾಜ್ಯದಲ್ಲಿ ಹತ್ತಾರಿವೆ. ತಾಲ್ಲೂಕು, ಹೋಬಳಿ, ಪಕ್ಕದ ಗುಡಿ ಕೇಳಿ ತಿಳಿಯುವ ಜಾಣ್ಮೆಯನ್ನೂ ಪರೀಕ್ಷಿಸಬೇಕು.

ಸಿಬ್ಬಂದಿಯೇ ಸಾಲದಿರುವಾಗ ತಪಾಸಣೆ ಮತ್ತೊಂದು ಹೊರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕಡತ ತುಂಬಿಸುವ ತಪಾಸಣೆ ನಿಜಕ್ಕೂ ಹೊರೆಯೇ. ಆದರೆ ಮುನ್ಸೂಚನೆಯಿಲ್ಲದೆ ನದಿದಂಡೆಯ ಹಳ್ಳಿಯಿಂದ ಅಣಕು ಕರೆ ಮಾಡಿಸಿ, ದೋಣಿಯೋ ಆಂಬುಲೆನ್ಸೋ ತಲುಪುವವರೆಗೆ ಗಮನಿಸಲು ಹೆಚ್ಚು ಖರ್ಚಿಲ್ಲ; ಸಿಬ್ಬಂದಿಯ ಕೊರತೆ ಎಲ್ಲಿ ಜೀವಕ್ಕೆ ಎರವಾಗುತ್ತದೆ ಎಂಬುದಕ್ಕೆ ಅದೇ ಲಿಖಿತ ಪುರಾವೆಯಾಗುತ್ತದೆ. ರಾಜ್ಯಮಟ್ಟದ ಪರಿಶೀಲನೆಯೇ ಸಾಕೆನ್ನುವವರೂ ಇದ್ದಾರೆ. ಅದು ಯಂತ್ರ, ತಂತ್ರಾಂಶಗಳನ್ನು ಅಳೆಯಬಲ್ಲದು. ಆದರೆ ಜೂನ್‌ಗೆ ಮೊದಲು ತಾಲ್ಲೂಕು ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ ಈಜುಗಾರರ ಫೋನ್ ಪಟ್ಟಿ ಪರಿಷ್ಕಾರವಾಗಿದೆಯೇ ಎಂಬುದನ್ನು ಅಲ್ಲಿಗೇ ಹೋಗಿ ನೋಡಬೇಕು.